ಏಳು ಎ ಕಡಿಮೆ

ಮೊದಲು ದಾರ.
ಮಣಿ ಆಮೇಲೆ. ಇದನ್ನು ಯಾರೂ ನಂಬುವುದಿಲ್ಲ.
ಡಿವಿಸೋರಿಯಾದ ಸಂತೆಯಲ್ಲಿ ಎಲ್ಲರ ಕಣ್ಣೂ
ಇಳಿಬಿಟ್ಟ ಬಣ್ಣಗಳ ಕಡೆಗೇ;
ನಾನು ಮಾತ್ರ ಕೆಳಗೆ ಕೂತು
ರೀಲಿನ ತುದಿ ಎಳೆದು, ಹಲ್ಲಿನಲ್ಲಿ ಕಚ್ಚಿ,
ಗಂಟು ಹಾಕಿ, ಗಂಟು ಜಾರುತ್ತದೋ ನೋಡುತ್ತೇನೆ.
"ಕೊಳ್ಳುತ್ತೀಯೋ, ತಿನ್ನುತ್ತೀಯೋ?" ಅಂಗಡಿಯವಳು.
ಎರಡೂ ಇಲ್ಲ. ಅರವತ್ತು ಪೆಸೊ ಹೇಳಿದ್ದಳು.
ನವೋತಾಸಿನ ನಮ್ಮ ಮನೆಯ ಹಿಂದೆ
ಚಿಕ್ಕಪ್ಪನ ಹರಿದ ಬಲೆ ಬಿದ್ದಿದೆ, ಪುಕ್ಕಟೆ.
ಬಿಚ್ಚಬೇಕು ಅಷ್ಟೆ, ಒಂದೊಂದೇ ಕಣ್ಣು;
ತೆಂಗಿನ ವಿನೆಗರಿನಲ್ಲಿ ಎರಡು ರಾತ್ರಿ ನೆನೆಸಬೇಕು
ಮೀನಿನ ವಾಸನೆ ಬಿಡಲು.
ಪೂರ್ತಿ ಬಿಡುವುದಿಲ್ಲ.
ಕೊಂಡವರು ಮೂಸಿ ನೋಡುವುದಿಲ್ಲ ಎಂಬುದೇ ಧೈರ್ಯ.

ಕೆನ್ನೆಗೆ ಒತ್ತಿದರೆ ತಣ್ಣಗಿರುವುದು ಗಾಜು,
ಬೆಚ್ಚಗೆ, ನಮ್ಮವರಂತೆ ನಟಿಸುವುದು ಪ್ಲಾಸ್ಟಿಕ್ಕು.
ಜಪಾನಿನ ಗಾಜು ಬೆರಳುದ್ದದ ಕೊಳವೆಗೆ ನೂರ ಎಂಬತ್ತು;
ಬೆಳಕಿಗೆ ಹಿಡಿದು, ತಿರುಗಿಸಿ,
ಇದ್ದಲ್ಲೇ ಇಟ್ಟು ಬಂದೆ,
ಬೇರೆಯವರ ಕೂಸನ್ನು ಎತ್ತಿ ಮುದ್ದಾಡಿ ಇಳಿಸಿದ ಹಾಗೆ.
ಪ್ಲಾಸ್ಟಿಕ್ಕು ತೂಕದ ಲೆಕ್ಕ. ಅರ್ಧ ಕಿಲೊ ತೊಂಬತ್ತು.
ಆದರೂ ಪರೀಕ್ಷೆ ಮಾಡದೆ ಡಬ್ಬಿಗೆ ಸೇರಿಸುವುದಿಲ್ಲ:
ತಗಡಿನ ಮಾಡಿನ ಮೇಲೆ ವಾರವಿಡೀ ಬಿಸಿಲಿಗೆ.
ಹೋದ ಸಲದ ಕೆಂಪು ಐದನೇ ದಿನ
ಮುದುಕಿಯ ವಸಡಿನ ಬಣ್ಣಕ್ಕೆ ತಿರುಗಿತ್ತು.
ನೀಲಿ ತಡೆಯಿತು. ಹಳದಿ, ಪರವಾಗಿಲ್ಲ.
ಚಿನ್ನದ ಬಣ್ಣದ್ದು ಮಾತ್ರ ಮುಟ್ಟಬೇಡಿ,
ಮೂರೇ ದಿನದ ಬೆವರಿಗೆ ಕತ್ತಿನ ಸುತ್ತ ಹಸಿರು ಬರೆ.
ಕಾಸಿಗೆ ತಕ್ಕ ಕಜ್ಜಾಯ ಎನ್ನುವಂತೆಯೂ ಇಲ್ಲ,
ಕಾಸೂ ಹೋಯಿತು, ಕಜ್ಜಾಯವೂ ಇಲ್ಲ.

ಅಜ್ಜಿಯ ಜಪಮಾಲೆ ಹರಿದು
ಬಿಸ್ಕತ್ತಿನ ಡಬ್ಬಿ ಸೇರಿ ವರ್ಷವಾಯಿತು.
ಮರದ ಮಣಿ; ಐವತ್ತೊಂಬತ್ತು ಇರಬೇಕು, ಐವತ್ತೇಳಿವೆ.
ಬೆರಳಾಡಿ ಬೆರಳಾಡಿ ಎಣ್ಣೆ ಕುಡಿದ ಹೊಳಪು.
ಡಬ್ಬಿ ತೆರೆದೆ. ಮುಚ್ಚಿದೆ.
ಇನ್ನೂ ಅಷ್ಟು ಕೈ ಬರಿದಾಗಿಲ್ಲ ಅಂದುಕೊಂಡೆ.
ಡಿಸೆಂಬರ್ ಹೊತ್ತಿಗೆ ಏನೆನ್ನುತ್ತೇನೋ.

ಡೆಲ್ಫಿನ್ ಮಾಮ ಬಂದದ್ದು ಮಂಗಳವಾರ,
ಜೀಪ್ನಿಯ ಎಂಜಿನ್ ಆರಿಸದೆ, ಕಿಟಕಿಯಿಂದಲೇ:
"ಕನ್ನಡಿಗೆ ತೂಗುಹಾಕಲು. ಐದು ಹೆಣ್ಣುಮಕ್ಕಳು, ಐದು ಎಳೆ,
ಒಂದೊಂದರಲ್ಲಿ ಒಂದೊಂದು ಹೆಸರು. ದುಡ್ಡು ನೂರು.
ಮಿಕ್ಕದ್ದಕ್ಕೆ ಒಂದು ತಿಂಗಳು ಬಿಟ್ಟಿ ಪ್ರಯಾಣ."
ಚೌಕಾಸಿ ಮಾಡಿ ಎರಡು ತಿಂಗಳಿಗೆ ಏರಿಸಿದೆ.
ಆಮೇಲೆ ಹೆಸರು ಕೇಳಿದೆ. ಮೊದಲೇ ಕೇಳಬೇಕಿತ್ತು.
ಅಮಾದಾ, ಲಿಗಾಯಾ, ಅಮಪೋಲಾ, ದಾಲಿಸಾಯ್, ತಾಲಾ.

ಅಕ್ಷರದ ಮಣಿ ಪೊಟ್ಟಣದಲ್ಲಿ ಬರುತ್ತದೆ, ಆರಿಸುವ ಹಾಗಿಲ್ಲ.
ಎಲ್ಲೋ ದೂರದ ಯಂತ್ರ ಎಲ್ಲ ಅಕ್ಷರಗಳನ್ನೂ
ಸಮ ಸಮ ತುಂಬುತ್ತದೆ;
ಯಾರ ಮನೆಯಲ್ಲಿ ಏನು ಹೆಸರಿಡುತ್ತಾರೆಂದು ಅದಕ್ಕೇನು ಗೊತ್ತು.
ನನ್ನ ಬಳಿ ಕ್ಯೂ ಹದಿನೆಂಟಿವೆ, ಎಕ್ಸ್ ಇಪ್ಪತ್ತು.
ಈ ಐವರಿಗೆ ಎ ಬೇಕು ಹನ್ನೆರಡು.
ಇರುವುದು ಐದು.
ಇನ್ನೊಂದು ಪೊಟ್ಟಣಕ್ಕೆ ಎಂಬತ್ತೈದು ಪೆಸೊ,
ಕೂಲಿ ಅಲ್ಲೇ ಕರಗಿತು.

ರಾತ್ರಿ ಕರೆಂಟು ಹೋಗಿ
ಮೊಬೈಲ್ ಬೆಳಕಿನಲ್ಲಿ ತಟ್ಟೆಯ ಮೇಲೆ ಕೈಯಾಡಿಸುತ್ತಿದ್ದೆ.
ವಿ ಒಂದು ತಲೆಕೆಳಗಾಗಿ ಬಿದ್ದಿತ್ತು.
ಎಷ್ಟು ಹೊತ್ತು ನೋಡಿದೆನೋ.
ವಿ ಬೇಕಾದಷ್ಟಿದ್ದವು, ಯಾರೂ ಕೇಳದವು.
ತಂಗಿಯ ಕಪ್ಪು ಉಗುರುಬಣ್ಣ, ಪಿನ್ನಿನ ಮೊನೆ,
ಉಸಿರು ಹಿಡಿದು ನಡುವೆ ಒಂದು ಅಡ್ಡಗೆರೆ.
ಏಳು ಸಲ.
ಏಳನೆಯದನ್ನು ಒಣಗುವ ಮೊದಲೇ ಮುಟ್ಟಿದೆ;
ಒರೆಸಿದೆ, ಗೆರೆಯೇ ಹೋಯಿತು.
ಬಾಟಲಿ ಅಲ್ಲಾಡಿಸಿದೆ, ಖಾಲಿ.
ಹಾಗೇ ಪೋಣಿಸಿದೆ, ಕೊನೆಯ ಹೆಸರಿನ ಕೊನೆಗೆ.

ಶನಿವಾರ ಜೀಪ್ನಿಯಲ್ಲಿ ನನಗೆ ಮುಂದಿನ ಸೀಟು.
ತಿರುವಿಗೊಮ್ಮೆ ಐದೂ ಎಳೆ ಒಂದಕ್ಕೊಂದು ತಾಗಿ ಸದ್ದು,
ಗಾಜಿನದಲ್ಲ, ಮೊರದಲ್ಲಿ ಅಕ್ಕಿ ಸರಿದ ಹಾಗೆ.
ನಮ್ಮಿಬ್ಬರ ನಡುವೆ ಕೂತ ತಾಲಾ,
ಈ ವರ್ಷವಷ್ಟೇ ಅಕ್ಷರ ಕಲಿತವಳು,
ಬೆರಳಿಟ್ಟು ತನ್ನ ಹೆಸರು ಓದಿದಳು. ಕೊನೆಯಲ್ಲಿ ನಿಂತಳು.
"ಇದಕ್ಕೆ ನೆಲ ಇಲ್ಲ," ಅಂದಳು.
"ಬರೀ ಮಾಡು."
ಡೆಲ್ಫಿನ್ ಮಾಮ ಕೇಳಿಸದವನಂತೆ ಗೇರು ಬದಲಿಸಿದ.
"ನೀರು ಏರಿದಾಗ ನಮ್ಮನೆಯೂ ಹಾಗೇ," ಅಂದೆ.
ಅವಳು ಯೋಚಿಸಿದಳು. ತಲೆಯಾಡಿಸಿದಳು.
ಆಮೇಲೆ ದಾರ ಹಿಡಿದೆಳೆದು
ಮೂಗಿನ ಹತ್ತಿರ ತಂದಳು.